ಅಣ್ಣಾಸಾಬನ ತಲೆಬಣ್ಣ

ಏಕಸಂಬಿಯ ಅಣ್ಣಾಸಾಬನ ತಲೆ ಬೆಳ್ಳಗಾದದ್ದು ವಯಸ್ಸಿನಿಂದಲ್ಲ. ಅಪ್ಪ ಬೇಗ ತೀರಿಕೊಂಡ, ಬೆನ್ನಿಗಿದ್ದ ತಂಗಿಯರನ್ನು ಒಬ್ಬೊಬ್ಬರನ್ನಾಗಿ ಗಂಡನ ಮನೆಗೆ ಕಳಿಸಿದ್ದಾಯಿತು, ಅದೆಲ್ಲ ಮುಗಿದ ಮೇಲೆ ಪುರುಸೊತ್ತಿನಲ್ಲಿ ಕನ್ನಡಿ ನೋಡಿಕೊಂಡರೆ ತಲೆ ಅರಳಿದ ಹತ್ತಿಯ ಹೊಲವಾಗಿತ್ತು. ಮೂವತ್ತೆಂಟರ ಗಂಡಸು, ಹೊಗೆಸೊಪ್ಪಿನ ಹೊಲದಲ್ಲಿ ಇಬ್ಬರ ಕೆಲಸ ಒಬ್ಬನೇ ಮಾಡುವಂಥವನು. ಆದರೆ ಹೆಣ್ಣು ನೋಡಲು ಹೋದಲ್ಲೆಲ್ಲ ಅವನಿಗಿಂತ ಮೊದಲು ಅವನ ತಲೆಯೇ ಒಳಗೆ ಹೋಗುತ್ತಿತ್ತು.

ರಾಯಬಾಗದಲ್ಲಿ ಹುಡುಗಿಯ ಸೋದರತ್ತೆ, ‘ಹುಡುಗನ ಅಪ್ಪ ಬಂದರು, ಹುಡುಗ ಹಿಂದಿನ ಬಸ್ಸಿಗೆ ಬರುತ್ತಾನೇನೋ’ ಎಂದು ಬಾಗಿಲಲ್ಲೇ ಕಾಯುತ್ತ ನಿಂತಳು. ಅಥಣಿಯಲ್ಲಿ ಅವನನ್ನು ಹಿರಿಯರ ಸಾಲಿನಲ್ಲಿ ಕೂರಿಸಿ, ಎಲೆ ಅಡಿಕೆಯ ತಟ್ಟೆ ಮುಂದೆ ಸರಿಸಿ, ಮಂಡಿನೋವಿಗೆ ಏನು ಹಚ್ಚುತ್ತೀರಿ ಎಂದು ವಿಚಾರಿಸಿದರು. ಕಾಗವಾಡದಲ್ಲಂತೂ ಹುಡುಗಿ ಚಹ ಕೊಟ್ಟವಳೇ ಬಗ್ಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಇವನಾದರೂ ಸುಮ್ಮನಿರಬೇಕೋ ಬೇಡವೋ? ಬಾಯಿತಪ್ಪಿ ‘ಸುಖವಾಗಿರವ್ವ’ ಎಂದು ಆಶೀರ್ವಾದ ಮಾಡಿಬಿಟ್ಟ. ಆ ಮನೆಯಿಂದ ಮತ್ತೆ ಸುದ್ದಿ ಬರಲಿಲ್ಲ.

ಇಂಥಾದ್ದರಲ್ಲಿ ಕರೋಶಿಯಿಂದ ತಾನಾಗಿ ಒಂದು ಮಾತು ಬಂತು. ಅಲ್ಲಿಯ ಗಿರಿಜವ್ವನಿಗೆ ಒಬ್ಬಳೇ ಮಗಳು, ಸುಂದರಾ. ಬಾವಿ ಇರುವ ಕಬ್ಬಿನ ಹೊಲ, ಗಿರಿಜವ್ವನ ಗಂಡ ತೀರಿಹೋಗಿದ್ದಾನೆ. ಏಕಸಂಬಿಯ ಅಣ್ಣಾಸಾಬನಿಗೆ ಹೆಣ್ಣು ಕೊಡುವ ವಿಚಾರವಿದೆ, ರವಿವಾರ ಬಂದು ಹೋಗಲಿ ಎಂದು ಹೇಳಿಕಳಿಸಿದ್ದರು. ತಾಯಿ ಸತ್ತೆವ್ವ ಆ ಮಾತು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಣ್ಣಾಸಾಬನಿಗೂ ಒಂಟಿತನ ಸಾಕಾಗಿತ್ತು. ಹೊಲದಿಂದ ಬಂದರೆ ತಾಯಿಯ ಕೆಮ್ಮು ಮತ್ತು ರೇಡಿಯೋ, ಇವೆರಡೇ ಅವನೊಡನೆ ಮಾತಾಡುತ್ತಿದ್ದವು. ಇದೂ ತಪ್ಪಿತೆಂದರೆ ಇನ್ನು ಯಾರ ಮನೆಯ ಹೊಸ್ತಿಲನ್ನೂ ತುಳಿಯುವುದಿಲ್ಲ ಎಂದು ಅವನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದ. ಹಾಗಾಗಿಯೇ ಈ ಸಲ ತಲೆಗೆ ಬಣ್ಣ ಹಚ್ಚುವುದೆಂದು ತೀರ್ಮಾನವಾಯಿತು.

ಬಣ್ಣ ಹಚ್ಚಿಸಲು ಬಸ್ ಸ್ಟ್ಯಾಂಡಿನ ಎದುರಿಗೆ ಮಾಯಪ್ಪನ ಕಟಿಂಗ್ ಅಂಗಡಿ ಇತ್ತಲ್ಲ, ಎಂದು ನೀವು ಕೇಳಬಹುದು. ಮಾಯಪ್ಪನ ಕೈ ಒಳ್ಳೆಯದೇ, ಬಾಯಿ ಮಾತ್ರ ಕೈಗಿಂತ ಚುರುಕು. ಹಿಂದಿನ ವರ್ಷ ಪಂಚಾಯ್ತಿಯ ಮೆಂಬರೊಬ್ಬರು ಅವನಲ್ಲಿ ಮೀಸೆಗೆ ಬಣ್ಣ ಹಚ್ಚಿಸಿಕೊಂಡು ಮನೆಗೆ ಹೋಗುವಷ್ಟರಲ್ಲಿ, ಅವರ ಹೆಂಡತಿಗೆ ಅದಾಗಲೇ ಮೂರು ಬಾಯಿಂದ ಸುದ್ದಿ ಮುಟ್ಟಿತ್ತು. ಅಣ್ಣಾಸಾಬ ಅಷ್ಟು ದಡ್ಡನಲ್ಲ. ಹೊಗೆಸೊಪ್ಪಿನ ಪೇಟೆ ಬಿಟ್ಟರೆ ಯಾರ ಗುರುತೂ ಇಲ್ಲದ ನಿಪ್ಪಾಣಿಗೆ ಹೋಗಿ, ಅಲ್ಲಿಯ ಅಂಗಡಿಕಾರನಿಗೆ ‘ಅಜ್ಜಗ ಬೇಕಾಗೇತ್ರಿ’ ಎಂದು ಸುಳ್ಳು ಹೇಳಿ, ಕರಿ ಪುಡಿಯ ಎರಡು ಪುಡಿಕೆ ತಂದು ಗೋಧಿಯ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದ.

ರವಿವಾರ ಬೆಳಿಗ್ಗೆ ಹಿತ್ತಲಲ್ಲಿ ಎಮ್ಮೆಯ ಪಕ್ಕ ಕಾರ್ಯಕ್ರಮ ಶುರುವಾಯಿತು. ಒಂದು ಪುಡಿಕೆ ಒಂದು ತಲೆಗೆ ಸಾಕು ಎಂದು ಅಂಗಡಿಕಾರ ಹೇಳಿದ್ದ. ಆದರೆ ಅಣ್ಣಾಸಾಬನದು ಬೆಳೆಗೆ ಔಷಧ ಹೊಡೆಯುವ ಕೈ. ಔಷಧ ಕಡಿಮೆಯಾದರೆ ಹುಳ ಸಾಯುವುದಿಲ್ಲ, ಎರಡನೆಯ ಸಲ ಹೊಡೆಯುವ ಖರ್ಚು ಬೇರೆ ಎಂಬುದು ಅವನ ಅನುಭವ. ಎರಡೂ ಪುಡಿಕೆ ಒಮ್ಮೆಗೇ ಸುರಿದು, ಔಷಧದ ಡಬ್ಬಿಗೆ ಮಾಡುವಂತೆ ಬೇವಿನ ಕಡ್ಡಿಯಿಂದ ಗರಗರ ತಿರುವಿ, ದನದ ಕೋಡಿಗೆ ಬಣ್ಣ ಬಳಿಯುವ ಸಣ್ಣ ಬ್ರಷ್ಷಿನಿಂದ ತಲೆ, ಮೀಸೆ, ಕಿವಿಯ ಪಕ್ಕ ಎಲ್ಲ ಕಡೆ ದಪ್ಪಗೆ ಬಳಿದುಕೊಂಡ. ಅರ್ಧ ತಾಸು ಬಿಟ್ಟು ತೊಳೆದರಾಯಿತು ಎಂದು ಗೋಣಿಚೀಲ ಹೊದ್ದು ಕುಳಿತ.

ಅಷ್ಟರಲ್ಲಿ ಗೋಡೆಯಾಚೆಯಿಂದ ಸಾವಕ್ಕನ ಮುಖ ಮೇಲೆದ್ದಿತು. ಪಕ್ಕದ ಮನೆಯ ಸಾವಕ್ಕ ಬೀಡಿ ಕಟ್ಟುವವಳು. ಕಣ್ಣು ಎಲೆಯ ಮೇಲಿರದೆ ಯಾವಾಗಲೂ ನೆರೆಮನೆಯ ಮೇಲೆ ಇರುತ್ತಿತ್ತು. ತಲೆಗೆ ಏನು ಬಳಿದುಕೊಂಡು ಕುಳಿತಿದ್ದೀ ಎಂದು ಕೇಳಿದಳು. ಅಣ್ಣಾಸಾಬ ಗಾಬರಿಯಲ್ಲಿ ತಲೆನೋವಿಗೆ ಔಷಧ ಎಂದ. ಎಂಥ ತಲೆನೋವು ಎಂದಳು. ಉಷ್ಣದ್ದು ಎಂದ. ಸಾವಕ್ಕನ ಮುಖ ಮಾಯವಾಯಿತು. ಅಣ್ಣಾಸಾಬ ನಿಟ್ಟುಸಿರು ಬಿಟ್ಟು, ತಪ್ಪಿಸಿಕೊಂಡೆ ಎಂದುಕೊಂಡ.

ಎಲ್ಲಿಯ ತಪ್ಪಿಸಿಕೊಳ್ಳುವುದು? ಹಿತ್ತಲ ಬಾಗಿಲು ದೂಡಿಕೊಂಡು ಸಾವಕ್ಕ ಓಣಿಯ ಅರ್ಧ ಹೆಂಗಸರನ್ನು ಕಟ್ಟಿಕೊಂಡು ಬಂದಳು. ಒಬ್ಬಳ ಕೈಯಲ್ಲಿ ಉಳ್ಳಾಗಡ್ಡಿ ರಸ, ಒಬ್ಬಳ ಕೈಯಲ್ಲಿ ದೇವರ ಅಂಗಾರದ ಬೂದಿ. ಪಾಪ, ಹೆಣ್ಣು ನೋಡಲು ಹೋಗುವ ದಿನವೇ ಹೀಗಾಯಿತಲ್ಲ ಎಂದು ಸುತ್ತ ಕುಳಿತು ಲೊಚಗುಟ್ಟಿದರು. ಅವರ ಸಂಕಟ ನೋಡಿದರೆ ಅಣ್ಣಾಸಾಬ ಸಂಜೆಯವರೆಗೆ ಉಳಿಯುವ ಹಾಗಿರಲಿಲ್ಲ. ಅವನು ಮೆಲ್ಲಗೆ ಬಚ್ಚಲ ಕಡೆ ಸರಿಯಲು ನೋಡಿದ. ಸಾವಕ್ಕ ರಟ್ಟೆ ಹಿಡಿದು ಮತ್ತೆ ಕೂರಿಸಿದಳು.

“ತೊಳಿಬ್ಯಾಡೋ ಅಣ್ಯಾ. ಔಷಧ ತಲಿಯೊಳಗ ಇಳಿಬೇಕು. ಒಣಗಿ ತಾನ ಉದುರೂ ತನಕ ಇರ್ಲಿ.”

ಬಣ್ಣ ಎಂದು ಬಾಯಿ ಬಿಡುವಂತಿಲ್ಲ. ಬಿಟ್ಟರೆ ಮಾಯಪ್ಪನ ಅಂಗಡಿಗೆ ಹೋದಷ್ಟೇ ಆಯಿತು. ಔಷಧ ಎಂದ ಮೇಲೆ ತೊಳೆಯುವಂತೆಯೂ ಇಲ್ಲ. ಬಿಸಿಲು ಏರಿತು. ತಲೆ ಬಿಗಿಯತೊಡಗಿತು, ಬಣ್ಣ ಹಣೆಗಿಳಿಯಿತು, ಕಿವಿಯ ಮಡಿಕೆಗಳಲ್ಲಿ ನಿಂತಿತು. ಅರ್ಧ ತಾಸು ಎರಡು ತಾಸಾಯಿತು. ಸತ್ತೆವ್ವ ಒಳಗೂ ಹೊರಗೂ ಓಡಾಡಿ, ಬಸ್ಸಿನ ಹೊತ್ತಾಯಿತೆಂದು ಕಣ್ಣಲ್ಲೇ ಹೇಳಿ ಸಾಕಾದಳು.

ಕೊನೆಗೆ ಭೀಮಗೊಂಡ ಬಂದ. ಎದುರು ಮನೆಯ ಭೀಮಗೊಂಡಕಾಕಾ ಈ ಸಂಬಂಧದ ಮಧ್ಯಸ್ಥ. ಇಸ್ತ್ರಿ ಮಾಡಿದ ಧೋತರ, ಹೊಸ ಗಾಂಧಿ ಟೊಪ್ಪಿಗೆ, ಮೈಗೆಲ್ಲ ಅತ್ತರು. ಬಣ್ಣದ ಗುಟ್ಟು ಗೊತ್ತಿದ್ದದ್ದು ಸತ್ತೆವ್ವನನ್ನು ಬಿಟ್ಟರೆ ಅವನೊಬ್ಬನಿಗೇ. ಹಿತ್ತಲ ಜಾತ್ರೆ ನೋಡಿ ಅವನು ಬಾಗಿಲಲ್ಲೇ ನಿಂತ. ಆದರೆ ಮಧ್ಯಸ್ಥಿಕೆ ಮಾಡಿ ಪಳಗಿದ ಮನುಷ್ಯ, ಸುಳ್ಳು ಅವನ ನಾಲಿಗೆಯ ತುದಿಯಲ್ಲೇ ಕಾದು ಕುಳಿತಿರುತ್ತಿತ್ತು.

“ಏನವ್ವಾ, ಎಲ್ಲಾರೂ ಇಷ್ಟ ಹತ್ರ ಕುಂತೀರಿ? ಡಾಕ್ಟರು ಇದು ಒಬ್ಬರಿಂದ ಒಬ್ಬರಿಗೆ ಹತ್ತೂ ರೋಗ ಅಂದಾರ.”

ಹಿತ್ತಲು ಕ್ಷಣದಲ್ಲಿ ಖಾಲಿಯಾಯಿತು. ಉಳ್ಳಾಗಡ್ಡಿ ರಸದ ವಾಟಗವನ್ನೂ ಬಿಟ್ಟು ಓಡಿದ್ದರು.

ಅಣ್ಣಾಸಾಬ ಬಚ್ಚಲಿಗೆ ಹಾರಿ ನಾಲ್ಕು ಕೊಡ ನೀರು ಸುರಿದುಕೊಂಡ. ಕೂದಲೇನೋ ಕರ್ರಗಾಗಿತ್ತು, ಇಲ್ಲವೆನ್ನುವಂತಿಲ್ಲ. ಆದರೆ ಕೂದಲು ಎಲ್ಲಿ ಮುಗಿಯಿತು, ಹಣೆ ಎಲ್ಲಿ ಶುರುವಾಯಿತು ಎಂಬುದು ತಿಳಿಯುತ್ತಿರಲಿಲ್ಲ. ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಕರಿ ಪಟ್ಟಿ, ಕಿವಿಗಳೆರಡೂ ಸುಟ್ಟ ಬದನೆಕಾಯಿ. ಸತ್ತೆವ್ವ ಸೀಮೆಎಣ್ಣೆ ಹಚ್ಚಿ ತಿಕ್ಕಿದಳು. ಭೀಮಗೊಂಡ ಲಿಂಬೆಹಣ್ಣು ತಿಕ್ಕಿದ. ಆಮೇಲೆ ಒಲೆಯ ಬೂದಿ, ಹುಳಿ ಮಜ್ಜಿಗೆ, ಹಲ್ಲುಪುಡಿ. ಚರ್ಮ ಕೆಂಪಾಯಿತೇ ಹೊರತು ಕಪ್ಪು ಹೋಗಲಿಲ್ಲ. ಕಡೆಗೆ ಭೀಮಗೊಂಡ ಅಣ್ಣಾಸಾಬನ ಹಳೆಯ ಗಾಂಧಿ ಟೊಪ್ಪಿಗೆಯನ್ನು ಅವನ ಹುಬ್ಬಿನವರೆಗೆ ಜಗ್ಗಿ, ಕಿವಿಗಳ ಮೇಲೆ ಬರುವಂತೆ ಕೊರಳಿಗೆ ಟವೆಲ್ ಸುತ್ತಿ, ದೂರ ನಿಂತು ನೋಡಿದ. ಪಕ್ಕಗಳಲ್ಲಿ ಒಂದಿಷ್ಟು ಕರಿ ಕೂದಲು ಕಾಣುತ್ತದೆ, ಅಷ್ಟು ಸಾಕು, ಏನೇ ಆದರೂ ಅಲ್ಲಿ ಟೊಪ್ಪಿಗೆ ತೆಗೆಯಬೇಡ ಎಂದು ತಾಕೀತು ಮಾಡಿದ. ವಯಸ್ಸು ಕೇಳಿದರೆ ಇಪ್ಪತ್ತೊಂಬತ್ತು ಎಂದು ತಾನೇ ಹೇಳುವುದಾಗಿಯೂ, ಅಣ್ಣಾಸಾಬ ಬಾಯಿ ತೆರೆಯಬಾರದೆಂದೂ ಹೇಳಿದ.

ಬಸ್ ಸ್ಟ್ಯಾಂಡಿಗೆ ಇವರು ಮುಟ್ಟುವ ಮೊದಲೇ ಹತ್ತುವ ರೋಗ ಮುಟ್ಟಿತ್ತು. ನಿಲ್ಲಲು ಜಾಗವಿಲ್ಲದ ಕೆಂಪು ಬಸ್ಸಿನಲ್ಲಿ ಅಣ್ಣಾಸಾಬನಿಗೆ ಒಂದಿಡೀ ಸೀಟು ಸಿಕ್ಕಿತು. ಭೀಮಗೊಂಡ ಇದೂ ಒಂದು ಅನುಕೂಲ ಎಂದುಕೊಂಡು ಪಕ್ಕದಲ್ಲಿ ಕಾಲು ಚಾಚಿ ಕುಳಿತ. ಆದರೆ ಬೇಸಿಗೆಯ ಬಿಸಿಲು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸುವಾಗ ಅಣ್ಣಾಸಾಬನ ಟೊಪ್ಪಿಗೆಯ ಕೆಳಗಿನಿಂದ ಒಂದು ಕರಿ ಹನಿ ಹೊರಟು, ಕೆನ್ನೆಯ ಮೇಲೆ ಹಾದು, ಬಿಳಿ ಅಂಗಿಯ ಕಾಲರಿನೊಳಗೆ ಇಳಿಯಿತು. ಅದರ ಹಿಂದೆ ಇನ್ನೊಂದು. ಭೀಮಗೊಂಡ ದಾರಿಯುದ್ದಕ್ಕೂ ಟವೆಲ್ಲಿನ ತುದಿಯಿಂದ ಒತ್ತುತ್ತ, ಬೆವರಬೇಡ, ಬೆವರಬೇಡ ಎಂದು ಬೈಯುತ್ತಲೇ ಇದ್ದ. ಬೈದಷ್ಟೂ ಅವನು ಬೆವರಿದ.

ಕರೋಶಿಯಲ್ಲಿ ಗಿರಿಜವ್ವನ ಪಡಸಾಲೆಯಲ್ಲಿ ಹಾಸಿದ ಜಮಖಾನೆಯ ಮೇಲೆ ಕುಳಿತಾಗ ಅಣ್ಣಾಸಾಬ ಟೊಪ್ಪಿಗೆಯನ್ನು ಇನ್ನೊಮ್ಮೆ ಹುಬ್ಬಿನವರೆಗೆ ಜಗ್ಗಿಕೊಂಡ. ಎದುರಿಗೆ ಗಿರಿಜವ್ವನ ಅಣ್ಣ ರಾವಸಾಹೇಬ. ದಪ್ಪ ಕನ್ನಡಕ, ಇನ್ನೂ ದಪ್ಪ ದನಿ, ಮನೆಯ ವ್ಯವಹಾರವೆಲ್ಲ ಅವರದೇ. ಗಿರಿಜವ್ವ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಸುಂದರಾ ಬಂದು ಚಹ ಇಟ್ಟು, ತಲೆ ಎತ್ತದೆ ಒಳಗೆ ಹೋದಳು. ಕಾಲು ಮುಟ್ಟಲಿಲ್ಲ, ಅದೇ ದೊಡ್ಡ ಸಮಾಧಾನ. ಅವಳ ಬಳೆಯ ಸದ್ದು ಒಳಗೆ ಹೋದ ಮೇಲೂ ಅಣ್ಣಾಸಾಬನ ಕಿವಿಯಲ್ಲಿ ಉಳಿಯಿತು. ಈ ಮನೆ ತಪ್ಪಬಾರದು ದೇವರೇ ಎಂದು ಅವನು ಆ ಗಳಿಗೆಯಲ್ಲಿ ನಿಜವಾಗಿ ಬೇಡಿಕೊಂಡ.

ರಾವಸಾಹೇಬರು ಕೇಳಿದ್ದೆಲ್ಲ ಹೊಲದ ಮಾತು. ನೀರಿನ ಪಾಳಿ ತಪ್ಪಿದರೆ ಏನು ಮಾಡುತ್ತೀ, ಕಬ್ಬು ಕಡಿಯುವವರು ಕೈಕೊಟ್ಟರೆ ಏನು ಮಾಡುತ್ತೀ ಎಂದು ಕೇಳಿದರು. ತಲೆಯ ಚಿಂತೆ ಮರೆತು ಅಣ್ಣಾಸಾಬ ಚೆನ್ನಾಗಿಯೇ ಉತ್ತರ ಕೊಟ್ಟ. ರಾವಸಾಹೇಬರು ತಂಗಿಯ ಕಡೆ ನೋಡಿ ತಲೆಯಾಡಿಸಿದರು. ಭೀಮಗೊಂಡ ಮೊಣಕೈಯಿಂದ ಇವನ ಪಕ್ಕೆಗೆ ತಿವಿದ, ಕೆಲಸ ಆಯಿತು ಎನ್ನುವಂತೆ.

ಆಗ ಗಿರಿಜವ್ವ ಒಳಗಿನಿಂದ ತಟ್ಟೆ ತಂದಳು. ತಟ್ಟೆಯಲ್ಲಿ ತೆಂಗಿನಕಾಯಿ, ಟವೆಲ್, ಗರಿಗರಿ ಹೊಸ ಗಾಂಧಿ ಟೊಪ್ಪಿಗೆ. ಅದನ್ನು ಕಂಡು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಕಡೆಯ ಪದ್ಧತಿ ಅದು: ಮನೆಗೆ ಬೇಕಾದವರಿಗೆ ಉಡುಗೊರೆಯ ಆಹೇರ ಮಾಡುವಾಗ ಹಿರಿಯರು ತಾವೇ ಕೈಯಾರೆ ಹೊಸ ಟೊಪ್ಪಿಗೆ ಇಡುತ್ತಾರೆ. ಹೊಸದು ಇಡಬೇಕಾದರೆ ಹಳೆಯದು ಇಳಿಯಲೇಬೇಕು. ಏಕಸಂಬಿಯಲ್ಲಿ ಬೂದಿ ತಿಕ್ಕುವ ಗಡಿಬಿಡಿಯಲ್ಲಿ ಇದು ಇಬ್ಬರಿಗೂ ನೆನಪಾಗಿರಲಿಲ್ಲ. ಅಣ್ಣಾಸಾಬ ಆಹೇರ ಗೀಹೇರ ಏಕೆ ಬಿಡ್ರಿ ಎಂದು ಹಿಂದೆ ಸರಿದ. ಅದನ್ನು ಸಂಕೋಚವೆಂದು ಮೆಚ್ಚಿಕೊಂಡ ರಾವಸಾಹೇಬರು, ಎಡಗೈಯಿಂದ ಹಳೆಯ ಟೊಪ್ಪಿಗೆಯನ್ನು ಎತ್ತಿಯೇಬಿಟ್ಟರು.

ರಾವಸಾಹೇಬರು ತಲೆಯನ್ನು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಇನ್ನು ಸುಮ್ಮನಿದ್ದರೆ ಕೆಟ್ಟೆವು ಎಂದುಕೊಂಡ ಭೀಮಗೊಂಡ ಮುಂದೆ ನುಗ್ಗಿದ.

“ನೋಡ್ರಿ ಸಾಹೇಬ್ರ, ಹುಡುಕಿದ್ರೂ ಒಂದ ಬಿಳಿ ಕೂದಲ ಸಿಗಂಗಿಲ್ಲ. ಹುಡುಗಗ ಬರೇ ಇಪ್ಪತ್ತೊಂಬತ್ತ.”

ರಾವಸಾಹೇಬರು ಹೊಸ ಟೊಪ್ಪಿಗೆಯನ್ನು ಮೆಲ್ಲಗೆ ತಟ್ಟೆಗೆ ವಾಪಸು ಇಟ್ಟರು.

“ಹಂಗಾದ್ರ ಇಂವ ಅಂವ ಅಲ್ಲ. ತಪ್ಪ ತಿಳ್ಕೋಬ್ಯಾಡ್ರಿ. ನಾವು ಹೇಳಿ ಕಳಿಸಿದ್ದು ಬಿಳಿ ತಲಿ ಅಣ್ಣಾಸಾಬಗ.”

ಆಮೇಲೆ ಅವರು ಬಿಡಿಸಿ ಹೇಳಿದರು. ತಂಗಿಯ ಗಂಡ ತೀರಿಕೊಂಡಾಗಿನಿಂದ ಅವನ ದಾಯಾದಿಗಳು ವರ್ಷಕ್ಕೊಮ್ಮೆ ಹೊಲದ ಬದುವನ್ನು ಈಚೆ ತಳ್ಳುತ್ತಿದ್ದಾರೆ. ಹೆಂಗಸರ ಮಾತು ಯಾರೂ ಕೇಳುವುದಿಲ್ಲ, ಚಿಗುರು ಮೀಸೆಯ ಹುಡುಗ ಬಂದು ನಿಂತರೆ ಅವನನ್ನೂ ಕೇಳುವುದಿಲ್ಲ. ಆಗ ರಾವಸಾಹೇಬರ ನೆಂಟನೊಬ್ಬ, ನಿಪ್ಪಾಣಿಯಲ್ಲಿ ಹೊಗೆಸೊಪ್ಪಿನ ತೂಕದಲ್ಲಿ ಮೋಸ ಮಾಡಹೊರಟ ವ್ಯಾಪಾರಿಯೊಬ್ಬನನ್ನು ಏಕಸಂಬಿಯ ಅಣ್ಣಾಸಾಬ ಎದುರು ನಿಂತು ಮಣಿಸಿದ್ದನ್ನು ಕಣ್ಣಾರೆ ಕಂಡು ಬಂದು ಹೇಳಿದ್ದ. ಆ ಬಿಳಿ ತಲೆ ನೋಡಿಯೇ ವ್ಯಾಪಾರಿ ‘ಯಜಮಾನ್ರ, ಸಿಟ್ಟಾಗಬ್ಯಾಡ್ರಿ’ ಎಂದು ಮತ್ತೆ ತೂಗಿದನಂತೆ. ಅಂಥವನು ವಾರಕ್ಕೊಮ್ಮೆ ಬಂದು ಬದುವಿನ ಮೇಲೆ ಟೊಪ್ಪಿಗೆ ಸರಿಮಾಡಿಕೊಂಡು ನಿಂತರೂ ಸಾಕು, ದಾಯಾದಿಗಳು ತಣ್ಣಗಾಗುತ್ತಾರೆ. ಏಕಸಂಬಿಯಲ್ಲಿ ಅಣ್ಣಾಸಾಬರು ಬಹಳ. ನೀವು ಬೇರೆ ಅಣ್ಣಾಸಾಬನನ್ನು ಕರೆತಂದಿರಿ ಎಂದು ರಾವಸಾಹೇಬರು ಕೈಮುಗಿದು ಎದ್ದೇ ನಿಂತರು.

ಅಣ್ಣಾಸಾಬನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ತಲೆ ನರೆತಾಗಿನಿಂದ ಅವನ ಬಿಳಿ ತಲೆಯನ್ನು ಬೇಕೆಂದು ಕೇಳಿದ ಮನೆ ಇದೊಂದೇ. ಆ ಮನೆಗೇ ಅವನು ಅದನ್ನು ಅಳಿಸಿಕೊಂಡು ಬಂದಿದ್ದ. ಬಾಯಿ ತೆರೆಯಬೇಡ ಎಂದಿದ್ದ ಕಾಕಾನನ್ನು ಪಕ್ಕಕ್ಕೆ ತಳ್ಳಿ ಅವನು ಎದ್ದ.

“ಮಾವಾರ, ಆ ಬಿಳಿ ತಲಿ ಅಣ್ಣಾಸಾಬ ನಾನ ರೀ. ನಂಗ ಮೂವತ್ತೆಂಟ. ಇದು ಇವತ್ತ ಮುಂಜಾನೆ ಎಮ್ಮಿ ಪಕ್ಕ ಕುಂತ ಹಚ್ಕೊಂಡ ಬಣ್ಣ.”

ಹೆಣ್ಣಿನ ಆಸೆಗೆ ಯಾರಾದರೂ ಹೀಗೆ ಹೇಳಬಹುದು ಎಂದು ರಾವಸಾಹೇಬರು ನಂಬಲಿಲ್ಲ. ಅಣ್ಣಾಸಾಬ ಹಣೆಯ ಕರಿ ಪಟ್ಟಿ ತೋರಿಸಿದ. ಅದು ಮಚ್ಚೆ ಇರಬಹುದು ಎಂದರು. ಟವೆಲ್ ತೆಗೆದು ಕಿವಿ ತೋರಿಸಿದ. ಅದನ್ನು ಕಂಡು ಇನ್ನಷ್ಟು ಹಿಂದೆ ಸರಿದರು. ಮೀಸೆಗೂ ಬಣ್ಣ ಬಳಿದಾಗಿತ್ತು. ಬೇರೆ ದಾರಿ ಕಾಣದೆ ಅಣ್ಣಾಸಾಬ ಅಂಗಿಯ ಗುಂಡಿಗಳನ್ನು ಬಿಚ್ಚಿ ಎದೆ ತೆರೆದು ನಿಂತ. ಗಿರಿಜವ್ವ ಗಕ್ಕನೆ ಗೋಡೆಯ ಕಡೆ ತಿರುಗಿದಳು. ಎದೆಯ ಮೇಲಿನ ಕೂದಲು ಹಾಲಿನ ಹಾಗೆ ಬೆಳ್ಳಗಿತ್ತು.

ರಾವಸಾಹೇಬರು ಕನ್ನಡಕವನ್ನು ಮೂಗಿನ ಮೇಲೇರಿಸಿ, ಮೂಗನ್ನು ಅವನ ಎದೆಯ ಹತ್ತಿರ ತಂದು ನೋಡಿದರು. ಸುಣ್ಣ ಗಿಣ್ಣ ಬಳಿದಿದ್ದಾನೋ ಎಂದು ಬೆರಳಿಂದ ತಿಕ್ಕಿ ನೋಡಿದರು. ಅದೂ ಸಾಲದೆಂದು ಒಂದು ಕೂದಲು ಕಿತ್ತು ಕಿಟಕಿಯ ಬೆಳಕಿಗೆ ಹಿಡಿದರು. ಅಣ್ಣಾಸಾಬನ ಕಣ್ಣಲ್ಲಿ ನೀರು ಬಂತು.

“ಬುಡದಿಂದ ತುದಿ ತನಕ ಬಿಳೇದ ಐತಿ, ಗಿರಿಜಾ. ಇಂವನ ಅಂವ.”

ರಾವಸಾಹೇಬರು ಹೊಟ್ಟೆ ಕುಣಿಸಿಕೊಂಡು ನಕ್ಕರು, ಗಿರಿಜವ್ವ ಗೋಡೆಯ ಕಡೆಗೇ ನಕ್ಕಳು, ಭೀಮಗೊಂಡ ತಾನು ಹೇಳಿದ ಇಪ್ಪತ್ತೊಂಬತ್ತು ಯಾರಿಗೂ ನೆನಪಿರದಿರಲಿ ಎಂದು ಎಲ್ಲರಿಗಿಂತ ಜೋರಾಗಿ ನಕ್ಕ. ಹೊಸ ಟೊಪ್ಪಿಗೆ ಅಣ್ಣಾಸಾಬನ ತಲೆಗೇರಿತು; ಏರಿದ ಕ್ಷಣದಲ್ಲೇ ಅದರ ಅಂಚಿಗೆ ಕರಿ ಪಟ್ಟಿ ಹತ್ತಿತು, ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಒಂದೇ ಒಂದು ಕರಾರು ಎಂದರು ರಾವಸಾಹೇಬರು: ಇನ್ನು ಆ ಬಣ್ಣ ಮುಟ್ಟಬಾರದು, ಮದುವೆ ಮುಗಿದು ಬದುವಿನ ಮೇಲೆ ನಿಂತಾಗ ದೂರದಿಂದಲೇ ಬಿಳಿ ಕಾಣಬೇಕು. ಅಣ್ಣಾಸಾಬ ಸಂತೋಷದಿಂದ ಒಪ್ಪಿಕೊಂಡ. ಇನ್ನು ಸೀಮೆಎಣ್ಣೆ ಇಲ್ಲ, ಬೂದಿ ಇಲ್ಲ, ಸಾವಕ್ಕನಿಗೆ ಹೆದರುವುದಿಲ್ಲ. ಇದ್ದ ತಲೆಯನ್ನು ಇದ್ದ ಹಾಗೆ ಹೊತ್ತು ತಿರುಗಿದರೆ ಸಾಕು. ಮೈಮೇಲಿನಿಂದ ಕಲ್ಲು ಇಳಿಸಿದ ಹಾಗಾಯಿತು ಅವನಿಗೆ.

ಊಟದ ಮೇಲೆ ಕೈತೊಳೆಯಲು ಹಿತ್ತಲಿಗೆ ಹೋದಾಗ ನೀರಿನ ತಂಬಿಗೆ ಹಿಡಿದು ನಿಂತವಳು ಸುಂದರಾ. ಯಾರೂ ಹತ್ತಿರ ಇರಲಿಲ್ಲ. ಅವಳು ಅವನ ಕೈಗೆ ನೀರು ಹಾಕುತ್ತ, ತಗ್ಗಿದ ದನಿಯಲ್ಲಿ, ಆದರೆ ಗಟ್ಟಿಯಾಗಿ ಹೇಳಿದಳು.

“ಬಿಳಿ ತಲಿಯಾವ ಅಂತ ಕೇಳಿ ನಿನ್ನೆಯಿಂದ ಉಂಡಿದ್ದಿಲ್ಲ ನಾ. ಕದದ ಸಂದ್ಯಾಗಿಂದ ನೋಡಾಕತ್ತಿದ್ದೆ. ಟೊಪ್ಪಿಗಿ ತಗದ ಮ್ಯಾಲ ಅವ್ವಗ ಹೂಂ ಅಂದೆ.”

ಅಣ್ಣಾಸಾಬ ನೀರು ಕೈಯಲ್ಲೇ ಹಿಡಿದು ನಿಂತ. ತಾನು ಎದೆ ಬಿಚ್ಚಿ ತೋರಿಸಿದ್ದನ್ನು ನೋಡಲಿಲ್ಲವೇ ಎಂದು ತೊದಲುತ್ತ ಕೇಳಿದ.

“ನೋಡೀನ್ರಿ. ಅದು ಅಂಗ್ಯಾಗ ಇರ್ತೈತಿ, ಅದಕ್ಕ ನಂದೇನ ತಕರಾರಿಲ್ಲ. ತಲಿ ಮಾತ್ರ ಹಿಂಗ ಕರ್ರಗ ಇರ್ಬೇಕು. ಇಲ್ಲಂದ್ರ ಲಗ್ನದ ದಿನಾನೂ ಒಲ್ಲೆ ಅಂತೀನಿ.”

ತಂಬಿಗೆ ಖಾಲಿಯಾಯಿತು. ಅವಳು ಹೊರಟವಳು ತಿರುಗಿ ಅವನ ಕಿವಿಗಳನ್ನು ನೋಡಿ, ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದು ಒಳಗೆ ಓಡಿದಳು. ಆ ನಗು ಅಣ್ಣಾಸಾಬನಿಗೆ ಬಹಳ ಇಷ್ಟವಾಯಿತು.

ಹಿಂತಿರುಗುವ ಬಸ್ಸಿನಲ್ಲಿ ಕಿಟಕಿಯ ಗಾಳಿ ತಂಪಾಗಿತ್ತು. ಭೀಮಗೊಂಡ ತನ್ನ ಮಧ್ಯಸ್ಥಿಕೆಯನ್ನು ತಾನೇ ಹೊಗಳಿಕೊಂಡು ಸುಸ್ತಾಗಿ, ಇನ್ನು ನಿನಗೆ ಬಣ್ಣದ ಕಾಟ ತಪ್ಪಿತಲ್ಲಪ್ಪ, ಆರಾಮ ಇರು ಎಂದ. ಅಣ್ಣಾಸಾಬ ಟೊಪ್ಪಿಗೆ ತೆಗೆದು, ಅಂಚಿಗೆ ಹತ್ತಿದ ಕರಿ ಪಟ್ಟಿ ನೋಡಿ, ಮತ್ತೆ ತಲೆಗಿಟ್ಟುಕೊಂಡ. ಮುಖದಲ್ಲಿ ಚಿಂತೆಯಿತ್ತು, ಅದಕ್ಕಿಂತ ಹೆಚ್ಚು ಖುಷಿಯಿತ್ತು. ಚಿಕ್ಕೋಡಿ ಹತ್ತಿರ ಬಂದಾಗ ಬಾಯಿ ಬಿಟ್ಟ.

“ಕಾಕಾ, ಅಂಗಡಿ ಮುಚ್ಚೂದರಾಗ ಇಳಿಯೂಣು. ಇನ್ನೆರಡು ಪುಡಿಕಿ ತಗೋಬೇಕು.”

ಈಗಷ್ಟೇ ಮುಟ್ಟುವುದಿಲ್ಲ ಎಂದು ಒಪ್ಪಿಕೊಂಡು ಬಂದೆಯಲ್ಲೋ, ರಾವಸಾಹೇಬರು ಸುಮ್ಮನೆ ಬಿಡುತ್ತಾರೇನು ಎಂದು ಭೀಮಗೊಂಡ ಹೌಹಾರಿದ. ಅಣ್ಣಾಸಾಬ ತಲೆಯ ಮೇಲಿನ ಹೊಸ ಟೊಪ್ಪಿಗೆಯನ್ನು ನೆಟ್ಟಗೆ ಮಾಡಿಕೊಂಡು, ಅದರ ಅಂಚಿನ ಗುಂಟ ಬೆರಳಾಡಿಸಿ ಗಡಿ ತೋರಿಸಿದ.

“ಟೊಪ್ಪಿಗಿ ಹೊರಗಿನ ಕೂದಲ ರಾವಸಾಹೇಬ್ರದು, ಕಾಕಾ. ಒಳಗಿಂದು ಅಕೀದು.”